ಜಿಪಾರ್ ಮನೆಯ ಆಂಟೆನಾ

ನನ್ನ ಓರಗಿತ್ತಿ ಜಿಪಾರ್ ದೊಡ್ಡ ಬಜಾರಿ ಎಂದು ಊರೆಲ್ಲ ಹೇಳುತ್ತದೆ. ಹೇಳಲಿ. ಮೊದಲು ಹೇಳಿದವಳು ನಾನೇ. ಅವಳು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಬೇಯಿಸಿದ ಮಾಂಸವನ್ನು ಅತ್ತೆಯ ಎದುರಿಗೇ ಅಗಿದು ನೋಡಿ, "ಅಕ್ಕಾ, ಇದು ಕುರೀನಾ, ಕುರಿ ಕಟ್ಟಿದ್ದ ಹಗ್ಗಾನಾ?" ಎಂದು ಕೇಳಿದ್ದಳು. ಅತ್ತೆ ನಕ್ಕುಬಿಟ್ಟರು. ಆ ನಗುವನ್ನು ನಾನು ಇವತ್ತಿಗೂ ಮರೆತಿಲ್ಲ. ನನ್ನ ಗಂಡ ಎಸೆನ್ ಅಣ್ಣ, ಅವಳ ಗಂಡ ಮೆದೆರ್ ತಮ್ಮ. ಮನೆ ಎರಡು, ಅಂಗಳ ಒಂದು. ಆ ಒಂದು ಅಂಗಳದಲ್ಲಿ ನಾವಿಬ್ಬರೂ ಜಗಳವಾಡದ ವಿಷಯವಿಲ್ಲ. ಜಗಳವಾಡಿದ ದಿನವೂ ಅವಳ ಹಸುವಿನ ಹಾಲು ನನ್ನ ಚಹಾಕ್ಕೆ ಬರುತ್ತಿತ್ತು, ನನ್ನ ಒಲೆಯ ರೊಟ್ಟಿ ಅವಳ ಮನೆಗೆ ಹೋಗುತ್ತಿತ್ತು.

ಊರ ಮುಖ್ಯಸ್ಥನನ್ನೇ ನಿಲ್ಲಿಸಿ ಬೈಯುವ ಈ ಹೆಂಗಸು ಹೆದರುತ್ತಿದ್ದದ್ದು ಒಂದಕ್ಕೇ, ಮೇಲಿನ ಘಾಟಿಯ ಹಿಮಕ್ಕೆ. ಮೆದೆರ್ ಅಲ್ಲಿ ರಸ್ತೆಯ ಹಿಮ ಸರಿಸುವ ಬುಲ್ಡೋಜರ್ ಓಡಿಸುತ್ತಿದ್ದ. ಪಾಳಿಗೆ ಹೋದರೆ ವಾರಗಟ್ಟಲೆ ಮೇಲೆಯೇ. ಅವನು ಹೊರಡುವ ಬೆಳಿಗ್ಗೆ ಜಿಪಾರ್ ಬಾಗಿಲ ತನಕವೂ ಬರುತ್ತಿರಲಿಲ್ಲ. ಒಲೆಯ ಮುಂದೆ ಬೆನ್ನು ಹಾಕಿ ಕೂತು, "ಬಾಗಿಲು ಸರಿಯಾಗಿ ಎಳ್ಕೊಂಡು ಹೋಗು, ಚಳಿ ಬರುತ್ತೆ" ಎಂದು ಗದರುತ್ತಿದ್ದಳು. ಬೆಟ್ಟದ ಕಡೆಯ ಕಿಟಕಿಗೆ ಮೊದಲ ಹಿಮ ಬಿದ್ದ ಕೂಡಲೇ ದಪ್ಪ ಕಂಬಳಿ ಹೊಡೆದುಬಿಡುತ್ತಿದ್ದಳು. ಗಾಳಿ ತಡೆಯೋಕೆ ಎನ್ನುತ್ತಿದ್ದಳು. ಗಾಳಿ ಬರುತ್ತಿದ್ದದ್ದು ಇನ್ನೊಂದು ಕಡೆಯಿಂದ, ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಮೇಲೆ ಎಲ್ಲೋ ಹಿಮ ಜಾರಿದ ಸದ್ದು ಗುಡುಗಿನ ಹಾಗೆ ಕೇಳಿಸಿದರೆ ಆ ದಿನ ಅವಳ ಹಸುವಿನ ಹಾಲನ್ನು ನಾನೇ ಕರೆಯಬೇಕಾಗುತ್ತಿತ್ತು, ಅವಳ ಕೈ ಅಷ್ಟು ನಡುಗುತ್ತಿತ್ತು.

ಹೊಸ ಟಿವಿಯ ಕಥೆಗೆ ಬರುತ್ತೇನೆ. ಆ ವರ್ಷ ಟಿವಿಯವರು ಕ್ಯಾಮೆರಾ ಹೊತ್ತುಕೊಂಡು ಘಾಟಿಗೆ ಹೋಗಿ ಹಿಮ ಸರಿಸುವವರ ಬಗ್ಗೆ ಒಂದು ಕಾರ್ಯಕ್ರಮ ಮಾಡಿದ್ದರು. ಮೆದೆರನನ್ನೂ ಮಾತಾಡಿಸಿದ್ದರು. ಅದು ಒಂದು ಗುರುವಾರ ಸಂಜೆ ಬರುತ್ತದೆಂದು ಸುದ್ದಿ ಬಂತು. ಜಿಪಾರಳ ಹಳೆಯ ಡಬ್ಬಾ ಟಿವಿ ಆಗಲೇ ಸುಟ್ಟುಹೋಗಿ, ಅದರ ನೆತ್ತಿಯ ಮೇಲೆ ಹಾಲಿನ ಕ್ಯಾನು ಕೂತಿತ್ತು. ಒಂದು ಜೋಡಿ ಬೂಟು ಕೊಳ್ಳುವುದಕ್ಕೂ ಚಳಿಗಾಲವೆಲ್ಲ ಯೋಚಿಸುವ ಮೆದೆರ್, ಅವನಿಗೇನು ಅನ್ನಿಸಿತೋ, ನಾರಿನ್ ಪಟ್ಟಣಕ್ಕೆ ಹೋಗಿ ಗೋಡೆ ತುಂಬುವಂಥ ಟಿವಿಯನ್ನೇ ತಂದುಬಿಟ್ಟ.

"ಎಚ್‌ಡಿ ಕಣೇ ಇದು," ಎಂದ. "ಮುಖದ ಮೇಲಿನ ಒಂದೊಂದು ಕೂದಲೂ ಎಣಿಸಬಹುದಂತೆ."

"ನಿನ್ನ ಮೂತಿ ದಿನಾ ನೋಡಿ ನೋಡಿ ಸಾಕಾಗಿದೆ. ಇನ್ನು ಎಚ್‌ಡಿಯಲ್ಲಿ ಬೇರೆ ನೋಡಬೇಕಾ ನಾನು?" ಎಂದಳು ಇವಳು. ಆದರೆ ಆ ಟಿವಿಗೆ ಹೊದಿಸಲು ಮದುವೆಯ ಪೆಟ್ಟಿಗೆ ತೆರೆದು ಕಸೂತಿ ಬಟ್ಟೆ ತೆಗೆದವಳೂ ಇವಳೇ.

ಟಿವಿ ಬಂತು, ಚಿತ್ರ ಬರಲಿಲ್ಲ. ಛಾವಣಿಯ ಮೇಲಿದ್ದ ಹಳೆಯ ಆಂಟೆನಾ ಈ ಹೊಸ ಚಾನೆಲ್‌ಗಳನ್ನು ಹಿಡಿಯುತ್ತಿರಲಿಲ್ಲ. ಪಟ್ಟಣದ ಫ್ಲಾಟುಗಳಲ್ಲಾದರೆ ಗೋಡೆಯೊಳಗಿಂದ ಕೇಬಲ್ ಬರುತ್ತದೆ, ಸಿಕ್ಕಿಸಿದರೆ ಆಯಿತು. ನಮ್ಮ ಊರಿಗೆ ಕೇಬಲ್ ಎಲ್ಲಿಂದ ಬರಬೇಕು? ಹೊಸ ಆಂಟೆನಾ ಹಾಕಿ, ಎದುರು ಗುಡ್ಡದ ಗೋಪುರಕ್ಕೆ ಸರಿಯಾಗಿ ಮುಖ ತಿರುಗಿಸಿ ನಿಲ್ಲಿಸಬೇಕು. ಅಷ್ಟರಲ್ಲಿ ಮೆದೆರನ ಪಾಳಿ ಬಂತು. "ಸಪಾರ್‌ಗೆ ಹೇಳಿದೀನಿ, ಗುರುವಾರ ಬೆಳಿಗ್ಗೆ ಬಂದು ಹಾಕ್ಕೊಡ್ತಾನೆ" ಎಂದು ಹೇಳಿ ಹೋದ. ಸಪಾರ್ ನಮ್ಮ ಗಂಡಂದಿರ ಚಿಕ್ಕಪ್ಪನ ಮಗ, ನಮಗೆ ಮೈದುನ. ಕಣಿವೆಯ ಅರ್ಧ ಮನೆಗಳ ಆಂಟೆನಾ ಅವನೇ ಹಾಕಿದ್ದು. ಸಪಾರನ ಕೈಗೆ ಸೌಟು ಕೊಟ್ಟರೂ ಅದರಲ್ಲಿ ಚಾನೆಲ್ ಹಿಡಿಯುತ್ತಾನೆ ಎಂದು ಜನ ತಮಾಷೆ ಮಾಡುತ್ತಿದ್ದರು.

ಆ ಗುರುವಾರ ಬೆಳಿಗ್ಗೆ ನಾನು ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದೆ. ನನ್ನ ಗಂಡ ಒಳಗೆ ಬಂದು ಬಾಗಿಲು ಮುಚ್ಚಿದರು. ಕೈಯಲ್ಲಿ ಫೋನಿತ್ತು.

"ಕುಲಿಪಾ, ಕೂಗಬೇಡ," ಎಂದರು. "ಮೆದೆರ್ ಹೋದ."

ಘಾಟಿಯ ಮೇಲೆ ಹಿಮ ಜಾರಿ ಬುಲ್ಡೋಜರ್ ಸಮೇತ ಅವನನ್ನು ಮುಚ್ಚಿತ್ತು. ಜೊತೆಗಾರರು ಅಗೆದು ತೆಗೆಯುವಷ್ಟರಲ್ಲಿ ಉಸಿರು ನಿಂತಿತ್ತು. ನಾನು ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡು ಹಸುವಿನ ಕುತ್ತಿಗೆಗೆ ಒರಗಿದೆ. ನಾನು ಈ ಮನೆಗೆ ಬಂದಾಗ ಮೆದೆರ್ ಮೂಗು ಸೋರುವ ಹುಡುಗ. ಅವನ ತಲೆ ತೊಳೆದವಳು, ಹೇನು ಹೆಕ್ಕಿದವಳು ನಾನು. ಕೂಗಬೇಡ ಎಂದರೆ ಎಲ್ಲಿಗೆ ಹೋಗಬೇಕು ಆ ಕೂಗು?

ಆದರೆ ಕೂಗುವ ಹಾಗಿರಲಿಲ್ಲ. ನಮ್ಮಲ್ಲಿ ಸಾವಿನ ಸುದ್ದಿಯನ್ನು ಬಾಯಿಗೆ ಬಂದಂತೆ ಹೇಳಿ ಮುಗಿಸುವುದಿಲ್ಲ, ಅದಕ್ಕೊಂದು ರೀತಿಯಿದೆ. ಹೆಂಡತಿಗೆ ಹೇಳಬೇಕಾದರೆ ಅವಳ ತವರಿನ ಗಂಡಸರು ಬಂದು ಅವಳ ಎರಡೂ ಪಕ್ಕ ಕೂರಬೇಕು. ಊರಿನ ಹಿರಿಯ ಎದುರು ಕೂತು, ಸುತ್ತಿ ಬಳಸಿ, ಮೆಲ್ಲಗೆ ಹೇಳಬೇಕು. ಅಲ್ಲಿಯ ತನಕ ಊರಿಗೆ ಊರೇ ಬಾಯಿಗೆ ಬೀಗ ಹಾಕಿಕೊಳ್ಳಬೇಕು. ಹಿಡಿದುಕೊಳ್ಳುವವರು ಪಕ್ಕದಲ್ಲಿ ಇಲ್ಲದಾಗ ಒಬ್ಬ ಹೆಂಗಸಿನ ಕಿವಿಗೆ ಗಂಡನ ಸಾವು ಬಿದ್ದರೆ ಆ ಪಾಪ ಊರಿನದು. ನನ್ನ ಸೋದರತ್ತೆ ಹಾಗೆಯೇ ಯಾರದೋ ಬಾಯಿತಪ್ಪಿನಿಂದ ಕೇಳಿಸಿಕೊಂಡು ಕಾಲುವೆಯ ದಂಡೆಯಲ್ಲಿ ಕುಸಿದಳು. ಆಮೇಲೆ ಬದುಕಿದ ಅಷ್ಟೂ ವರ್ಷ ಅವಳು ತನ್ನ ಮಕ್ಕಳ ಹೆಸರನ್ನು ಸರಿಯಾಗಿ ಕರೆಯಲಿಲ್ಲ. ಅದನ್ನು ಕಣ್ಣಾರೆ ಕಂಡವಳು ನಾನು.

ಜಿಪಾರಳ ಅಣ್ಣಂದಿರು ಇರುವುದು ಘಾಟಿಯ ಆಚೆ. ಅವರು ಬರಬೇಕಾದ ದಾರಿಯನ್ನು ಮುಚ್ಚಿದ್ದು ಮೆದೆರನನ್ನು ಕೊಂದ ಅದೇ ಹಿಮ. ಅದನ್ನು ಬಿಡಿಸಬೇಕಾದವರು ಅವನ ಜೊತೆಗಾರರೇ.

"ಸಂಜೆಯೊಳಗೆ ದಾರಿ ಬಿಡಿಸ್ತೀವಿ ಅಂದಿದ್ದಾರೆ," ಎಂದರು ನನ್ನ ಗಂಡ. "ಅಣ್ಣಂದಿರು ಆ ಕಡೆ ಬಂದು ಕಾಯ್ತಿದ್ದಾರೆ. ಊರವರಿಗೆಲ್ಲ ನಾನು ಹೇಳ್ತೀನಿ. ನೀನು ಅವಳ ಪಕ್ಕ ಬಿಟ್ಟು ಅಲ್ಲಾಡಬೇಡ."

ಆಗ ಅಂಗಳದಲ್ಲಿ ಸಿಳ್ಳೆ ಕೇಳಿಸಿತು. ಹೊಸ ಆಂಟೆನಾ ಕಂಕುಳಲ್ಲಿ ಇಟ್ಟುಕೊಂಡು ಸಪಾರ್ ಬಂದಿದ್ದ. ಟಿವಿ! ಟಿವಿಯವರು ಆಗಲೇ ಘಾಟಿಗೆ ಬಂದು ಚಿತ್ರ ತೆಗೆಯುತ್ತಿದ್ದಾರೆಂದು ನನ್ನ ಗಂಡ ಹೇಳಿದ್ದರು. ಮಧ್ಯಾಹ್ನದ ವಾರ್ತೆಯಲ್ಲಿ ಹೆಸರು, ಫೋಟೋ ಎಲ್ಲ ಬರುತ್ತದೆ.

ಸಪಾರನನ್ನು ಕೊಟ್ಟಿಗೆಯೊಳಗೆ ಎಳೆದುಕೊಂಡು ಸುದ್ದಿ ಹೇಳಿದೆವು. ಅವನು ಹುಲ್ಲಿನ ಮೇಲೆ ಕೂತುಬಿಟ್ಟ. ಆಂಟೆನಾ ಪಕ್ಕಕ್ಕಿಟ್ಟು, "ನಂಗೆ ಜ್ವರ ಅಂತ ಹೇಳ್ಬಿಡಿ ಅತ್ತಿಗೆ. ನಾನು ಮನೆಗೆ ಹೋಗ್ತೀನಿ," ಎಂದ.

"ನೀನು ಹೋದ್ರೆ ಆ ಪುಣ್ಯಾತ್ಗಿತ್ತಿ ತಾನೇ ಏಣಿ ಹತ್ತುತ್ತಾಳೆ. ಇಲ್ಲಾಂದ್ರೆ ಗುಲ್‌ಬಾರಾ ಅಂಗಡಿಗೆ ಹೋಗಿ ಅಲ್ಲಿನ ಟಿವಿ ಮುಂದೆ ಕೂರ್ತಾಳೆ."

"ಮತ್ತೆ ಏನ್ಮಾಡ್ಲಿ? ಹಾಕಿದ್ರೆ ಬರುತ್ತಲ್ಲ!"

"ಬರಬಾರದು. ಹಾಕ್ತಾನೇ ಇರಬೇಕು, ಬರಬಾರದು."

ಅವನು ತಲೆ ಹಿಡಿದುಕೊಂಡು ಯೋಚಿಸಿದ. "ಆ ಟಿವಿ ಚಾನೆಲ್ ಹುಡುಕೋಕೆ ಮುಂಚೆ ಒಂದು ಮಾತು ಕೇಳುತ್ತೆ. ಆಂಟೆನಾನಾ, ಕೇಬಲ್ಲಾ ಅಂತ. ಕೇಬಲ್ ಅಂತ ಒತ್ತಿಬಿಟ್ರೆ ಕತ್ತಲಾಗೋ ತನಕ ಹುಡುಕಿದ್ರೂ ಏನೂ ಸಿಗಲ್ಲ. ಆದ್ರೆ ಅಕ್ಷರ ಕಾಣುತ್ತೆ, ರಷ್ಯನ್‌ನಲ್ಲಿ. ಚಿಕ್ಕತ್ತಿಗೆ ಅಷ್ಟೆಲ್ಲ ನೋಡ್ತಾರಾ?"

"ಇಲ್ಲಪ್ಪ, ಅವಳೇನು ನೋಡ್ತಾಳೆ," ಎಂದೆ. ನಾನು ನೋಡುವುದಿಲ್ಲ, ಹಾಗಾಗಿ ಅವಳೂ ನೋಡುವುದಿಲ್ಲ ಎಂದುಕೊಂಡೆ.

ಮುಖ ತೊಳೆದುಕೊಂಡು ಅವಳ ಮನೆಗೆ ಹೋದೆ. ಜಿಪಾರ್ ಆಗಲೇ ನೆಲಹಾಸು ಕೊಡವಿ ಹಾಸಿ, ಹಬ್ಬದ ಮಖಮಲ್ಲಿನ ಅಂಗಿ ತೊಟ್ಟು, ಕಿವಿಗೆ ಬೆಳ್ಳಿ ಓಲೆ ಹಾಕಿಕೊಂಡು ನಿಂತಿದ್ದಳು. ನನ್ನನ್ನು ನೋಡಿದವಳೇ, "ಏನಕ್ಕಾ, ಕಣ್ಣೆಲ್ಲ ಕೆಂಪಗಾಗಿದೆ?" ಎಂದಳು.

"ಹುಲ್ಲಿನ ಧೂಳು ಕಣೇ."

"ಹುಟ್ಟಿದಾಗ್ಲಿಂದ ಹುಲ್ಲಲ್ಲೇ ಇದ್ದೋಳಿಗೆ ಇವತ್ತು ಧೂಳು ಆಗದೇ ಹೋಯ್ತಾ?" ಎಂದು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಕಣ್ಣೊರೆಸಿಕೊಂಡೆ. ಅವಳು ಟಿವಿಯ ಕಡೆ ತಿರುಗಿದಳು.

ಮೊದಲು ಅವಳ ಫೋನು ಕಸಿಯಬೇಕಿತ್ತು. "ನಿನ್ನ ಫೋನ್ ಕೊಡೇ, ಮಗಳಿಗೆ ಮಾಡ್ಬೇಕು, ನಂದು ಸತ್ತೋಗಿದೆ" ಎಂದೆ. ಬಾಯಿಂದ ಆ ಮಾತು ಬಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅವಳು ಫೋನನ್ನು ನನ್ನ ಕೈಗಿಟ್ಟಳು. ಹೊರಗೆ ಹೋಗಿ ಮಾತಾಡಿದ ಹಾಗೆ ಮಾಡಿ, ಆರಿಸಿ, ಅಂಗಿಯೊಳಗೆ ಇಟ್ಟುಕೊಂಡೆ. ಆಮೇಲೆ ಅವಳು ಅದನ್ನು ವಾಪಸ್ಸು ಕೇಳಲೇ ಇಲ್ಲ. ಸದ್ಯ, ಮರೆತಳು ಎಂದು ನಾನು ದೇವರಿಗೆ ಕೈಮುಗಿದೆ.

ಸಪಾರ್ ಒಳಗೆ ಬಂದು ತಂತಿ ಸಿಕ್ಕಿಸಿದ, ರಿಮೋಟಿನಲ್ಲಿ ಏನೇನೋ ಒತ್ತಿದ. ರಿಮೋಟನ್ನು ಜಿಪಾರಳ ಕೈಗೆ ಕೊಟ್ಟು, "ನಾನು ಮೇಲೆ ತಿರುಗಿಸ್ತೀನಿ, ನೀವು ಇಲ್ಲಿ ಹುಡುಕ್ತಾ ಇರಿ," ಎಂದು ಹೇಳಿ ಏಣಿ ಹತ್ತಿದ. ಛಾವಣಿಯ ಹಿಮದ ಮೇಲೆ ಅವನ ಬೂಟಿನ ಸದ್ದು ನಮ್ಮ ತಲೆಯ ಮೇಲೆ ಓಡಾಡಿತು. ಪರದೆಯ ಮೇಲೆ ಒಂದು ನೀಲಿ ಪಟ್ಟಿ ಇಷ್ಟಿಷ್ಟೇ ಬೆಳೆಯಿತು. ತುಂಬಿತು. ಸಿಕ್ಕ ಚಾನೆಲ್ ಸೊನ್ನೆ.

"ಏನೂ ಇಲ್ಲ ಕಣೋ!" ಎಂದು ಜಿಪಾರ್ ಕಿಟಕಿಯಿಂದ ಕೂಗಿದಳು.

"ಎಡಕ್ಕೆ ತಿರುಗಿಸ್ತೀನಿ ಅತ್ತಿಗೆ! ಇನ್ನೊಂದ್ಸಲ ಹುಡುಕಿ!"

ಮತ್ತೆ ನೀಲಿ ಪಟ್ಟಿ. ನಾನು ಮುಳ್ಳಿನ ಮೇಲೆ ಕೂತ ಹಾಗೆ ಕೂತಿದ್ದೆ. ಸಪಾರ್ ಸರಿಯಾಗಿ ಒತ್ತಿದನೋ ಇಲ್ಲವೋ? ಯಂತ್ರ ತಾನಾಗಿಯೇ ಏನಾದರೂ ಹಿಡಿದುಬಿಟ್ಟರೆ? ಯಂತ್ರಕ್ಕೇನು ಗೊತ್ತು ಊರಿನ ರೀತಿ ರಿವಾಜು? ಪಟ್ಟಿ ಕೊನೆ ಮುಟ್ಟುವಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಈಗ ಬರುತ್ತದೆ, ಈಗ ಮೆದೆರನ ಮುಖ ಗೋಡೆಯಗಲ ಬರುತ್ತದೆ, ಕೆಳಗೆ ಹೆಸರು ಬರುತ್ತದೆ ಎಂದು ಹೆದರಿ ನಾನು ನೆಲಹಾಸಿನ ಹೂವನ್ನು ನೋಡುತ್ತಿದ್ದೆ. ಸೊನ್ನೆ ಬಂದರೆ ಒಂದು ಉಸಿರು. ಅಷ್ಟರಲ್ಲಿ ಅವಳು ಮತ್ತೆ ಗುಂಡಿ ಒತ್ತುತ್ತಿದ್ದಳು.

ವಾರ್ತೆಯ ಹೊತ್ತಿಗೆ ಸರಿಯಾಗಿ ಅವಳು ರಿಮೋಟ್ ಕೆಳಗಿಟ್ಟಳು.

"ಅಕ್ಕಾ, ನಿಮ್ಮ ಮನೇಲಿ ಟಿವಿ ಬರುತ್ತಲ್ಲ, ನಡಿ, ಅಲ್ಲಿ ನೋಡೋಣ."

"ನಮ್ಮದಾ? ನಮ್ಮದರಲ್ಲೂ ಬೆಳಿಗ್ಗೆಯಿಂದ ಏನೂ ಬರ್ತಿಲ್ಲ ಕಣೇ. ಗೋಪುರದಲ್ಲೇ ಏನೋ ಆಗಿದೆಯಂತೆ."

"ಗೋಪುರದಲ್ಲೇ ಆಗಿದ್ರೆ ಸಪಾರ್ ಯಾಕೆ ಮೇಲೆ ಹತ್ತಿ ಕೋತಿ ಹಾಗೆ ಕುಣೀತಿದ್ದಾನೆ?"

ಸಿಕ್ಕಿಬಿದ್ದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಪಾಡೇ ಇಷ್ಟು, ಒಂದನ್ನು ಮುಚ್ಚಲು ಹೋದರೆ ಇನ್ನೊಂದು ಬಾಯಿ ತೆರೆಯುತ್ತದೆ. ನಾನು ಚಹಾದ ಬಟ್ಟಲು ಎತ್ತಿಕೊಂಡೆ. ಬಟ್ಟಲು ತಟ್ಟೆಗೆ ಬಡಿದು ಟಣಟಣ ಎಂದಿತು. ಅವಳು ನನ್ನ ಕೈಯನ್ನು ನೋಡಿದಳು. ಈಗ ಕೇಳುತ್ತಾಳೆ ಎಂದುಕೊಂಡೆ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ, ಅಷ್ಟು ಸೋತುಹೋಗಿದ್ದೆ. ಅವಳು ಕೇಳಲಿಲ್ಲ.

"ಹೋಗ್ಲಿ ಬಿಡು," ಎಂದಳು. "ಅವರಿವರ ಮನೇಲಿ ಯಾಕೆ. ನನ್ನ ಗಂಡ ತಂದಿರೋ ಟಿವಿಯಲ್ಲೇ ನೋಡ್ತೀನಿ ನಾನು." ಕಿಟಕಿ ತೆರೆದು, "ಸಪಾರ್! ಇನ್ನೂ ಸ್ವಲ್ಪ ಎಡಕ್ಕೆ!" ಎಂದು ಕೂಗಿದಳು.

ಮಧ್ಯಾಹ್ನ ಕಳೆದ ಮೇಲೆ ಗೇಟಿನ ಮುಂದೆ ಒಂದು ಲಾರಿ ನಿಂತಿತು. ಎಲ್ಲಿಯದೋ ಚಾಲಕ, ನಮ್ಮ ಕಣಿವೆಯವನಲ್ಲ. ಬಿಸಿನೀರು ಕೇಳಲು ಫ್ಲಾಸ್ಕ್ ಹಿಡಿದುಕೊಂಡು ಅಂಗಳಕ್ಕೆ ಬಂದ. ನಾನು ಓಡುವಷ್ಟರಲ್ಲಿ ಜಿಪಾರ್ ಬಾಗಿಲಿಗೆ ಹೋಗಿಯಾಗಿತ್ತು.

"ಘಾಟಿ ಮುಚ್ಚಿದೆ ಅಕ್ಕ, ಬೆಳಿಗ್ಗೆಯಿಂದ ಕಾದು ಕಾದು ಸಾಕಾಯ್ತು," ಎಂದ ಅವನು. "ಮೇಲೆ ಹಿಮ ಬಿದ್ದು ಒಬ್ಬ..."

ಧಡ್ ಎಂದು ಛಾವಣಿಯಿಂದ ಒಂದು ರಾಶಿ ಹಿಮ ಅವನ ತಲೆಯ ಮೇಲೆ ಬಿತ್ತು. ಮೇಲಿಂದ ಸಪಾರ್, "ಅಯ್ಯೋ, ಕಾಲು ಜಾರ್ತು ಅಣ್ಣಾ, ನೋಡ್ಲಿಲ್ಲ!" ಎಂದು ಕೂಗಿದ. ಚಾಲಕ ಟೋಪಿ ತೆಗೆದು ಕೊಡವುತ್ತ ಬೈಯಲು ಬಾಯಿ ತೆರೆದ. ಜಿಪಾರಳ ಹಿಂದೆ ನಿಂತು ನಾನು ತುಟಿಯ ಮೇಲೆ ಬೆರಳಿಟ್ಟೆ. ನನ್ನ ಕಣ್ಣಿಂದ ನೀರು ಸುರಿಯುತ್ತಿತ್ತು.

"ಚಿಂತೆ ಮಾಡ್ಬೇಡಪ್ಪ," ಎಂದಳು ಜಿಪಾರ್ ಅವನಿಗೆ. "ನನ್ನ ಗಂಡ ಮೇಲೇ ಇದ್ದಾನೆ. ಬುಲ್ಡೋಜರ್ ಅವನದೇ. ದಾರಿ ಬಿಡಿಸ್ತಾನೆ."

ಚಾಲಕ ಅವಳನ್ನು ನೋಡಿದ, ನನ್ನನ್ನು ನೋಡಿದ, ಛಾವಣಿಯ ಮೇಲಿದ್ದ ಸಪಾರನನ್ನು ನೋಡಿದ. ಈ ನಾಡಿನಲ್ಲಿ ತಾಯಿಯ ಹಾಲು ಕುಡಿದು ಬೆಳೆದ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅವನು ಟೋಪಿಯನ್ನು ಕೈಯಲ್ಲೇ ಹಿಡಿದುಕೊಂಡು, "ಹೌದಕ್ಕ, ಬಿಡಿಸ್ತಾರೆ," ಎಂದ. ನೀರು ತುಂಬಿಸಿಕೊಂಡು, ಅಂಗೈ ಎರಡನ್ನೂ ಪ್ರಾರ್ಥನೆಗೆ ಚಾಚಿ ನಿಂತು, ಆಮೇಲೆ ಮುಖಕ್ಕೆ ಸವರಿ ಮನೆಗೆ ಒಳ್ಳೆಯದು ಹಾರೈಸಿ, ಹಿಂದೆ ನೋಡದೆ ಹೋದ. ಬಿಸಿನೀರಿಗಾಗಿ ಯಾರೂ ಅಷ್ಟು ಹೊತ್ತು ಅಂಗೈ ಹಿಡಿದು ನಿಲ್ಲುವುದಿಲ್ಲ. ಜಿಪಾರ್ ಅವನ ಲಾರಿ ಮರೆಯಾಗುವ ತನಕ ಬಾಗಿಲಲ್ಲೇ ನಿಂತಿದ್ದಳು.

ಒಳಗೆ ಬಂದವಳು, "ಅಕ್ಕಾ, ಎಣ್ಣೆ ಕಾಯಿಸು," ಎಂದಳು.

"ಯಾಕೇ?"

"ಬೋರ್ಸೋಕ್ ಕರಿ. ಸಂಜೆ ಜನ ಬರ್ತಾರಲ್ಲ."

ಹಿಟ್ಟಿನ ತುಂಡುಗಳನ್ನು ಎಣ್ಣೆಗೆ ಬಿಡುವುದು ನಮ್ಮಲ್ಲಿ ಹಬ್ಬಕ್ಕೂ ಉಂಟು, ಸತ್ತವರಿಗೂ ಉಂಟು. ಸತ್ತವರ ಪಾಲಿಗೆ ಆ ಎಣ್ಣೆಯ ವಾಸನೆಯೇ ಊಟ. ಯಾವ ಜನ ಬರುತ್ತಾರೆ ಎಂದು ಅವಳು ಹೇಳಲಿಲ್ಲ, ಟಿವಿ ನೋಡಲು ಬರುವವರು ಎಂದು ನಾನು ಅಂದುಕೊಂಡೆ. ಬಾಣಲೆಯ ಮುಂದೆ ನಿಂತು ಒಂದೊಂದು ತುಂಡು ಬಿಡುವಾಗಲೂ ಮನಸ್ಸಿನೊಳಗೆ ಮೆದೆರನ ಹೆಸರು ಹೇಳಿದೆ. ಹೊಗೆ ಕಣ್ಣಿಗೆ ಹೋಗುತ್ತಿದ್ದದ್ದು ಒಳ್ಳೆಯದೇ ಆಯಿತು. ಅಳುವುದಕ್ಕೆ ಒಂದು ನೆಪ ಸಿಕ್ಕಿತು.

ಬಿಸಿಲು ಇಳಿಯಲು ಶುರುವಾದ ಹಾಗೆ ಚಳಿ ಏರಿತು. ಸಪಾರ್ ಮೇಲಿಂದ ಕೂಗಿದ: "ಚಿಕ್ಕತ್ತಿಗೆ, ಕೈ ಸೆಟೆದುಹೋಗಿದೆ. ಸ್ವಲ್ಪ ಇಳಿದು ಬಂದು ಬೆಂಕಿ ಕಾಯಿಸ್ಕೊಳ್ಳಲಾ?"

"ಇಳೀಬೇಡ!"

ಅವಳು ಕಿರುಚಿದ ರೀತಿಗೆ ನನ್ನ ಕೈಯ ಜಾಲರಿ ಎಣ್ಣೆಗೆ ಬಿತ್ತು. ಆ ದನಿ ಬೈಗುಳದ್ದಲ್ಲ. ನೀರಿನಲ್ಲಿ ಮುಳುಗುವವರು ಕೂಗುವ ದನಿ. ಮರುಗಳಿಗೆಯೇ ಅವಳು ಚಹಾ ಬಗ್ಗಿಸಿ, ಮೆದೆರನ ಕುರಿತುಪ್ಪಳದ ಕೈಗವಸು ತಂದು, ತಾನೇ ಏಣಿಯ ಅರ್ಧ ಹತ್ತಿ ಅವನ ಕೈಗೆ ಕೊಟ್ಟಳು. "ಇದನ್ನ ಹಾಕ್ಕೋ. ಕುಡಿ. ಆದ್ರೆ ಇಳೀಬೇಡ ತಮ್ಮಾ. ಇನ್ನೂ ಸ್ವಲ್ಪ ಹೊತ್ತು ತಿರುಗಿಸು. ಒಂದೊಂದ್ಸಲ ಸಿಗುತ್ತೆ," ಎಂದಳು.

ನನಗೆ ರೇಗಿಹೋಯಿತು. "ಎಂಥ ಕಲ್ಲುಮನಸ್ಸೇ ನಿಂದು! ಒಂದು ಟಿವಿಗೋಸ್ಕರ ಆ ಹುಡುಗನ್ನ ಚಳಿಯಲ್ಲಿ ಸಾಯಿಸ್ತೀಯಾ?" ಎಂದು ಬೈದೆ. ಮತ್ತೆ ಆ ಮಾತು! ಆ ದಿನ ನನ್ನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲವೇನೋ. ಅವಳು ಬೇರೆ ದಿನವಾಗಿದ್ದರೆ ಹತ್ತು ಮಾತು ತಿರುಗಿ ಕೊಡುತ್ತಿದ್ದಳು. ಆ ದಿನ ತೆಪ್ಪಗೆ ಟಿವಿಯ ಮುಂದೆ ಹೋಗಿ ಕೂತು ಗುಂಡಿ ಒತ್ತಿದಳು. ನೀಲಿ ಪಟ್ಟಿ ಮತ್ತೆ ಮೊದಲಿಂದ ಹೊರಟಿತು.

ನಾಯಿಗಳು ಬೊಗಳಿದ್ದು ಆಗ. ಬೀದಿಯಲ್ಲಿ ಗಂಡಸರು ಗುಂಪಾಗಿ ಬರುತ್ತಿದ್ದರು, ಕಾರು ದೂರದಲ್ಲೇ ಬಿಟ್ಟು ನಡೆದುಕೊಂಡು. ಮುಂದೆ ಊರಿನ ಹಿರಿಯ ಒಮುರ್ ಅಜ್ಜ, ಅವನ ಹಿಂದೆ ನನ್ನ ಗಂಡ. ಅವರ ಎರಡು ಕಡೆ ಜಿಪಾರಳ ಅಣ್ಣಂದಿರು, ಮೊಣಕಾಲ ತನಕ ಹಿಮ ಮೆತ್ತಿಕೊಂಡು. ದಾರಿ ಬಿಟ್ಟಿತ್ತು. ಇಷ್ಟು ಹೊತ್ತು ಇವರು ಬರಲಿ ಬರಲಿ ಎಂದು ಹಂಬಲಿಸಿದ ನಾನು, ಬಂದದ್ದನ್ನು ಕಂಡು ಇನ್ನೊಂದು ಗಳಿಗೆ ತಡವಾಗಬಾರದಿತ್ತೇ ಎಂದುಕೊಂಡೆ.

ಅವರು ಒಳಗೆ ಬಂದು ಕೂತರು. ಅಣ್ಣಂದಿರು ಅವಳ ಎಡಕ್ಕೊಬ್ಬ, ಬಲಕ್ಕೊಬ್ಬ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಟಿವಿಯಲ್ಲಿ ಪಟ್ಟಿ ತುಂಬಿ ಸೊನ್ನೆ ತೋರಿಸಿತು. ಜಿಪಾರ್ ಮತ್ತೆ ಒತ್ತಿದಳು. ಒಮುರ್ ಅಜ್ಜ ಗಂಟಲು ಸರಿಮಾಡಿಕೊಂಡ.

"ಮಗಳೇ ಜಿಪಾರ್, ಬೇಟೆಗೆ ಸಾಕಿದ ಹದ್ದು ಎಷ್ಟೇ ನಮ್ಮದಾದ್ರೂ, ಕೊನೇ ತನಕ ಮುಂಗೈ ಮೇಲೇ ಕೂತಿರಲ್ಲ. ಒಂದು ದಿನ..."

"ಅಜ್ಜಾ, ಒಂದು ಗಳಿಗೆ," ಎಂದಳು ಅವಳು.

ಅಜ್ಜ ನಿಲ್ಲಿಸಿದ. ಹಿರಿಯ ಮಾತಾಡುವಾಗ ಹೆಂಗಸು ತಡೆಯುವುದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಅವಳು ನನ್ನ ಕಡೆ ತಿರುಗಿದಳು. ಬಜಾರಿ ಜಿಪಾರಳ ಮುಖ ಅದಲ್ಲ. ಅಷ್ಟು ಶಾಂತವಾದ ಮುಖವನ್ನು ನಾನು ಯಾವತ್ತೂ ಕಂಡಿರಲಿಲ್ಲ, ನೋಡಿ ನನಗೆ ಭಯವಾಯಿತು.

"ಅಕ್ಕಾ, ರಷ್ಯನ್ ನಂಗೆ ಓದೋಕೆ ಬರುತ್ತೆ," ಎಂದಳು. "ಇಲ್ಲಿ ಕೇಬಲ್ ಅಂತ ಬರೆದಿದೆ. ಬೆಳಿಗ್ಗೆಯಿಂದ ಹಾಗೇ ಬರೆದಿದೆ. ನಮ್ಮೂರಲ್ಲಿ ಎಲ್ಲಿದೆ ಕೇಬಲ್ಲು? ಸಪಾರ್‌ಗೆ ಅಷ್ಟು ಗೊತ್ತಿಲ್ವಾ?"

ನಾನು ಪರದೆಯ ಮೇಲಿನ ಆ ಅಕ್ಷರಗಳನ್ನು ನೋಡಿದೆ.

"ಒಂದು ಗುಂಡಿ ಒತ್ತಿದ್ರೆ ಸಾಕಿತ್ತು. ಬೆರಳು ಅದರ ಮೇಲೇ ಇತ್ತು. ಒತ್ತಲಿಲ್ಲ." ಅವಳು ರಿಮೋಟನ್ನು ಮೆಲ್ಲಗೆ ನೆಲಹಾಸಿನ ಮೇಲಿಟ್ಟಳು. "ಸಪಾರ್ ಮೇಲಿರೋ ತನಕ ಯಾರೂ ಏನೂ ಹೇಳಲ್ಲ ಅಂತ ಗೊತ್ತಿತ್ತು. ಯಾರೂ ಹೇಳದೇ ಇದ್ರೆ ಅವನು ಬದುಕಿದ್ದ ಹಾಗೇ ಅಲ್ವಾ? ನೀವೆಲ್ಲ ಸೇರಿ ಅವನನ್ನ ಇನ್ನೊಂದು ದಿನ ಬದುಕಿಸಿ ಕೊಟ್ರಿ ಅಕ್ಕ."

ಅವಳ ದೊಡ್ಡಣ್ಣ ಮುಖ ಮುಚ್ಚಿಕೊಂಡ. ನನ್ನ ಗಂಡ ಗೋಡೆಯ ಕಡೆ ತಿರುಗಿದರು. ಆ ಸಂಜೆ ಹಿಮ ಸರಿಸುವವರ ಕಾರ್ಯಕ್ರಮ ಬಂತೋ ಇಲ್ಲವೋ ನಮ್ಮ ಊರಿನಲ್ಲಿ ಯಾರಿಗೂ ತಿಳಿಯದು. ಒಂದು ಮನೆಯಲ್ಲೂ ಟಿವಿ ಹಾಕಲಿಲ್ಲ.

ಜಿಪಾರ್ ಎದ್ದಳು. ಅಣ್ಣಂದಿರು ಹಿಡಿಯಲು ಹೋದರು, ಬೇಡವೆಂದು ಕೈ ಸರಿಸಿದಳು. ನಾನು ಅವಳ ಹಿಂದೆಯೇ ಓಡಿದೆ. ಅವಳು ಅಂಗಳಕ್ಕೆ ಬಂದು, ಏಣಿಯ ಬುಡದಲ್ಲಿ ನಿಂತು ಮೇಲೆ ನೋಡಿದಳು. ಸಪಾರ್ ಚಿಮಣಿಗೆ ಒರಗಿ, ಆಂಟೆನಾವನ್ನು ಎದೆಗೆ ಅವಚಿಕೊಂಡು ಕೂತಿದ್ದ. ಅಣ್ಣಂದಿರು ಬಂದದ್ದನ್ನು ಅವನು ಮೇಲಿಂದ ಕಂಡಿದ್ದ. ಆದರೂ ಇಳಿದಿರಲಿಲ್ಲ. ಗಡ್ಡದ ಮೇಲೆ ಕಣ್ಣೀರು ಮಂಜುಗಟ್ಟಿತ್ತು.

"ಸಾಕು ತಮ್ಮಾ," ಎಂದಳು. "ಇಳಿ."

ಅವನು ತಲೆಯಾಡಿಸಿದ. "ಇನ್ನೂ ಸ್ವಲ್ಪ ತಿರುಗಿಸ್ತೀನಿ ಅತ್ತಿಗೆ."

"ಇಳಿಯೋ. ಸಾಕು. ನಿನ್ನ ಕೈ ಹೋಗುತ್ತೆ."

ಅವನು ಒಂದೊಂದೇ ಮೆಟ್ಟಿಲು ಇಳಿದ. ಅವಳು ಎರಡೂ ಕೈಯಲ್ಲಿ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅವನ ಬೂಟನ್ನೇ ನೋಡುತ್ತಿದ್ದಳು. ಅವನ ಕಾಲು ನೆಲಕ್ಕೆ ತಾಗಿದ ಮೇಲೆ ಅವಳು ಗಂಡನ ಹೆಸರು ಹಿಡಿದು ಅಳಲು ಶುರುಮಾಡಿದಳು.